ಅಪ್ಪನ ಮುಖ ಬರೆದವನು

"ಏಯ್! ಕೈ ತೆಗೀರಿ ಆ ಗೋಡೆ ಮೇಲಿಂದ!"

ಸರ್ವಮಂಗಳಾ ಕೂಗಿದ ಕೂಗಿಗೆ ಮಿಲ್ಲಿನ ತಗಡಿನ ಸೂರಿನಲ್ಲಿ ಕೂತಿದ್ದ ಪಾರಿವಾಳಗಳೆಲ್ಲ ಪಟಪಟನೆ ಹಾರಿದವು.

ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಮನುಷ್ಯ ಬೆಚ್ಚಿ ತಿರುಗಿದ. ತಲೆಗೂದಲು, ಹುಬ್ಬು, ಗಡ್ಡ... ಎಲ್ಲದರ ಮೇಲೂ ಸುಣ್ಣದ ಪುಡಿ. ಕೈಯಲ್ಲೊಂದು ಕರಣೆ. ಅವನ ಕಾಲ ಬುಡದಲ್ಲಿ ಗೋಡೆಯ ಸುಣ್ಣ ಚಕ್ಕೆ ಚಕ್ಕೆಯಾಗಿ ಬಿದ್ದಿತ್ತು!

"ಯಾರ್ರೀ ನೀವು? ಯಾರು ಹೇಳಿದ್ದು ಇದನ್ನ ಕೆರೆಯೋಕೆ?"

"ನೀವ್ಯಾರು?" ಅವನು ಶಾಂತವಾಗಿಯೇ ಕೇಳಿದ.

"ನಾನು ಈ ಗೋಡೇನ ಬರೀತಿರೋಳು! ಅಗೋ, ಅಲ್ಲಿ ನೋಡಿ ನನ್ನ ಕ್ಯಾನ್ವಾಸು. ಆ ಮೂಲೆ ಒಂದೇ ಬಾಕಿ ಇತ್ತು. ಇವತ್ತು ಶನಿವಾರ, ಅರ್ಧ ದಿನ ಸ್ಕೂಲು, ಮುಗಿಸಿಬಿಡೋಣ ಅಂತ ಊಟ ಕೂಡ ಮಾಡದೆ ಓಡಿ ಬಂದಿದ್ದೀನಿ. ನೀವು ಸರಿಯಾಗಿ ಆ ಮೂಲೇನೇ ಕೆರೆದು ಹಾಕಿದ್ದೀರಲ್ರೀ!"

ಅವಳಿಗೆ ಅಳು ಬರುವಂತಾಯಿತು. ಅಪರಿಚಿತನ ಮುಂದೆ ಅಳಬಾರದೆಂದು ತುಟಿ ಕಚ್ಚಿದಳು.

ಅವನು ಕರಣೆಯನ್ನು ಕೆಳಗಿಟ್ಟ. "ತಪ್ಪಾಯ್ತು. ಆ ಕ್ಯಾನ್ವಾಸಿಗೆ ಬಟ್ಟೆ ಮುಚ್ಚಿತ್ತು, ನಾನು ತೆಗೆದು ನೋಡ್ಲಿಲ್ಲ. ಆದ್ರೆ... ಒಂದ್ ನಿಮಿಷ ಇಲ್ಲಿ ಬನ್ನಿ."

"ನಾನ್ಯಾಕೆ ಬರ್ಬೇಕು?"

"ಬನ್ನಿ. ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿರಿ."

ಅವಳು ಹತ್ತಿರ ಹೋದಳು. ಅವನು ಕೆರೆದಿದ್ದ ಜಾಗದಲ್ಲಿ ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಮಂಕು ಹಳದಿ. ಆ ಹಳದಿಯ ಮೇಲೆ, ಎಣ್ಣೆ ಹೀರಿ ಕಪ್ಪಾಗಿ ಉಳಿದಿದ್ದ ಒಂದು ಅಂಗೈ. ಐದು ಬೆರಳೂ ಸ್ಪಷ್ಟ!

ಅವಳು ಬಾಗಿ ನೋಡಿದಳು.

"ಪಾಳಿ ಮುಗಿಸಿ ಹೊರಗೆ ಹೋಗುವಾಗ ಯಾರೋ ಇಲ್ಲಿ ಕೈ ಊರಿ ನಿಂತಿದ್ದಾರೆ," ಅವನು ಮೆಲ್ಲಗೆ ಹೇಳಿದ. "ಚಪ್ಪಲಿ ಹಾಕ್ಕೊಳ್ಳೋಕೆ ಇರಬೇಕು."

ಕೋಪ ಎಲ್ಲಿ ಹೋಯಿತೋ! ಅವಳು ತನಗೇ ಗೊತ್ತಿಲ್ಲದೆ ತನ್ನ ಅಂಗೈಯನ್ನು ಆ ಗುರುತಿನ ಮೇಲಿಟ್ಟಳು. ಪಕ್ಕದಲ್ಲಿ ಅವನು ನೋಡುತ್ತಿದ್ದ. ಇಬ್ಬರ ಕಣ್ಣೂ ಸೇರಿದವು...

ಛೆ! ಇಷ್ಟು ಹೊತ್ತು ಜಗಳ ಆಡುತ್ತಿದ್ದವನನ್ನು ಹೀಗೆ ನೋಡುವುದೇ?

ಅವಳು ಸರಕ್ಕನೆ ಕೈ ತೆಗೆದಳು.

ಸರ್ವಮಂಗಳಾ ಕೊರಟಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮನೆ ಮಧುಗಿರಿ. ಹೆಸರು ಅಜ್ಜಿಯದು, ಮನೆಯವರ ಬಾಯಲ್ಲಿ ಮಂಗಳ. ಶಾಲೆಯ ಮಕ್ಕಳಿಗೆ ಮಾವಿನಹಣ್ಣು, ಬಾವುಟ ಬರೆಸುವುದು ಅವಳ ನೌಕರಿ. ಆದರೆ ಅವಳ ಜೀವ ಇದ್ದದ್ದು ಇಲ್ಲಿ, ಬೆಟ್ಟದ ಬುಡದ ಈ ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ. ತುಕ್ಕು ಹಿಡಿದ ಬಾಗಿಲು, ಬಿರುಕಿನಲ್ಲಿ ಬೆಳೆದ ಅರಳಿ ಗಿಡ, ಸೂರಿನ ತೂತುಗಳಿಂದ ನೆಲಕ್ಕೆ ಬೀಳುವ ಬಿಸಿಲ ಬೊಟ್ಟುಗಳು... ಊರಿನವರಿಗೆ ಹಾಳು ಕಟ್ಟಡ. ಅವಳಿಗೆ ಎಷ್ಟು ಬರೆದರೂ ಮುಗಿಯದ ಜಾಗ.

ಆ ಸುಣ್ಣದ ಮನುಷ್ಯನ ಹೆಸರು ಓಬಳೇಶ್. ಪಾವಗಡದ ಆಚೆ ನಿಡುಗಲ್‌ನವನು. ಹೊಟ್ಟೆಪಾಡಿಗೆ ಶಾಲೆಗಳ ಕಾಂಪೌಂಡಿಗೆ ಚಿತ್ರ ಬರೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ತನ್ನ ಚಿತ್ರ. ಹಳೆಯ ಕಟ್ಟಡಗಳ ಸುಣ್ಣ, ಮಸಿ, ಇಟ್ಟಿಗೆ ಪುಡಿ ಇವನ್ನೇ ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದ.

ಇಬ್ಬರೂ ಸೇರಿ ಮಿಲ್ ಮಾಲೀಕರಾದ ಬಸವಲಿಂಗಯ್ಯನವರ ಬಳಿ ಪಂಚಾಯಿತಿಗೆ ಹೋದರು. ಮುದುಕರು ನಕ್ಕುಬಿಟ್ಟರು.

"ನೀನೂ ಬಂದು ಕೇಳ್ದೆ, ಅವನೂ ಬಂದು ಕೇಳ್ದ. ಇಬ್ರಿಗೂ ಹ್ಞೂ ಅಂದೆ. ಅದ್ರಾಗೇನ್ ತಪ್ಪು? ಬರ್ಕಳಿ, ಕೆರ್ಕಳಿ. ಯುಗಾದಿ ಕಳುದ್ ಮ್ಯಾಲೆ ಜೆಸಿಬಿ ಬತ್ತದೆ. ಕಲ್ಯಾಣ ಮಂಟಪ ಕಟ್ತಾವ್ರೆ ನನ್ನ ಮಕ್ಳು."

ಜೆಸಿಬಿ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಕ್ಷಣದಲ್ಲಿ ಒಂದೇ ಯೋಚನೆ ಇಬ್ಬರ ತಲೆಗೂ ಬಂದಿತ್ತು.

"ಅದಕ್ಕೆ ಮುಂಚೆ ಇಲ್ಲೇ ಒಂದು ಪ್ರದರ್ಶನ ಮಾಡ್ಬಹುದಾ?" ಅವಳು ಕೇಳಿದಳು.

"ಮಿಲ್ ಒಳಗೇ," ಅವನು ಸೇರಿಸಿದ. "ಕೆಲಸ ಮಾಡಿದವರನ್ನೆಲ್ಲ ಕರೆದು!"

"ಮಾಡ್ಕಳ್ರಪ್ಪ," ಎಂದರು ಬಸವಲಿಂಗಯ್ಯ. "ನಾನೂ ಬತ್ತೀನಿ."

ಹೊರಗೆ ಬಂದ ಸರ್ವಮಂಗಳಾಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಗಲೇ ಶಿರಾದ ಗೆಳತಿ ಮಹಜಬೀನ್‌ಗೆ ಫೋನು ಹಚ್ಚಿದಳು. ಮಹಜಬೀನ್ ಮತ್ತು ಅವಳು ಕಲಾಶಾಲೆಯಲ್ಲಿ ಒಂದೇ ಬೆಂಚು. ಶಿರಾ ಪೇಟೆಯ ಮುಚ್ಚಿದ ಅಂಗಡಿಗಳ ಶಟರುಗಳನ್ನೇ ಬರೆಯುವ ಹುಡುಗಿ ಅವಳು.

"ಅರೆ ವಾ! ನನ್ನ ಶಟರುಗಳಿಗೂ ಜಾಗ ಇದೆಯಾ?" ಫೋನಿನಲ್ಲೇ ಕಿರುಚಿದಳು. "ಮತ್ತೆ ಆ ಗೋಡೆ ಕೆರೆಯೋ ಸಾಹೇಬ್ರು ಹೆಂಗಿದ್ದಾರೆ ನೋಡೋಕೆ?"

"ಸುಣ್ಣದ ಡಬ್ಬಿ ಥರ!"

"ಹಾಗಂದ್ರೆ ಚೆನ್ನಾಗಿದ್ದಾನೆ ಅಂತಾಯ್ತು!"

ಆ ದಿನಗಳು ಹೇಗೆ ಓಡಿದವೋ ಅವಳಿಗೆ ತಿಳಿಯಲಿಲ್ಲ.

ಸಂಜೆ ಕೊರಟಗೆರೆಯ ಬಸ್ಸಿನಿಂದ ಇಳಿದವಳೇ ನೇರ ಮಿಲ್ಲಿಗೆ. ಓಬಳೇಶ್ ಹಗಲೆಲ್ಲ ಅಲ್ಲೇ ಇರುತ್ತಿದ್ದ. ಅವಳು ಬರುವ ಹೊತ್ತಿಗೆ ಎರಡು ಲೋಟ ಟೀ ತರಿಸಿಟ್ಟಿರುತ್ತಿದ್ದ. ಒಂದಕ್ಕೆ ಸಕ್ಕರೆ ಕಡಿಮೆ. ಅವಳು ಯಾವತ್ತೂ ಹೇಳಿರಲಿಲ್ಲ, ಅವನೇ ಗಮನಿಸಿದ್ದ.

'ಇಷ್ಟು ಸಣ್ಣ ವಿಷಯಕ್ಕೆ ಯಾಕೆ ನನ್ನ ಎದೆ ಹೀಗೆ ಹೊಡ್ಕೊಳ್ಳುತ್ತೆ?' ಅವಳು ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು.

ಒಂದು ಸಂಜೆ ಅವನು ಅವಳ ಕ್ಯಾನ್ವಾಸುಗಳನ್ನೆಲ್ಲ ಸಾಲಾಗಿ ಒರಗಿಸಿ ತುಂಬಾ ಹೊತ್ತು ನೋಡಿದ.

"ಹೇಗಿದೆ?" ಅವಳು ಉಗುರು ಕಚ್ಚುತ್ತ ಕೇಳಿದಳು.

"ಬಹಳ ಚೆಂದ." ಅವನು ತಡೆದು ಹೇಳಿದ. "ಆದ್ರೆ... ಜನ ಎಲ್ಲಿದ್ದಾರೆ?"

"ಅಂದ್ರೆ?"

"ಹಾಳು ಬಿದ್ದಿರೋದೇ ಇಷ್ಟು ಚೆಂದ ಕಂಡ್ರೆ, ಹಾಳಾಗಿದ್ದು ಯಾರ ಬದುಕು ಅಂತ ಗೊತ್ತಾಗಲ್ವಲ್ಲ? ಬಾಗಿಲಿದೆ, ಗೋಡೆ ಇದೆ. ಆ ಬಾಗಿಲಲ್ಲಿ ಓಡಾಡಿದ ಒಬ್ಬರ ಮುಖಾನೂ ಇಲ್ಲ."

ಚುರ್ ಎಂದಿತು ಅವಳಿಗೆ! "ನಿಮಗೇನ್ರೀ ಗೊತ್ತು?" ಎಂದು ಬ್ರಷ್ ಎಸೆದು ಹೊರಗೆ ನಡೆದಳು.

ಅವನು ಹಿಂದೆಯೇ ಬಂದ. ಹಳೆಯ ತೂಕದ ಕಟ್ಟೆಯ ಮೇಲೆ ಸ್ವಲ್ಪ ದೂರ ಬಿಟ್ಟು ಕೂತ. ಎದುರಿಗೆ ಬೆಟ್ಟದ ಬೋಳು ಬಂಡೆ ಸಂಜೆ ಬಿಸಿಲಿಗೆ ಕೆಂಪಾಗಿತ್ತು.

ಕೊನೆಗೆ ಅವಳೇ ಬಾಯಿ ಬಿಟ್ಟಳು.

"ನಮ್ಮಪ್ಪ ಈ ಮಿಲ್ಲಲ್ಲೇ ಫಿಟ್ಟರ್ ಆಗಿದ್ರು. ಪರ್ವತಯ್ಯ ಅಂತ. ನಾನು ಹೈಸ್ಕೂಲಲ್ಲಿದ್ದಾಗ ಮಿಲ್ ಮುಚ್ಚಿತು. ಅವತ್ತು ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿದ್ರು, ಅಷ್ಟೇ. ಮಿಲ್ ಅನ್ನೋ ಮಾತು ಅವರ ಬಾಯಲ್ಲಿ ಮತ್ತೆ ಬಂದಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಕೊಂಡ್ರು. ಅಂಗಡಿಗೆ ಹೋಗೋಕೆ ಈ ರಸ್ತೆ ಹತ್ರ; ಆದ್ರೂ ಸುತ್ತು ಹಾಕ್ಕೊಂಡು ಆ ಕಡೆಯಿಂದ ಹೋಗ್ತಾರೆ."

"ನಿಮ್ಮ ಚಿತ್ರ?"

"ಒಂದನ್ನೂ ನೋಡಿಲ್ಲ. ತೋರ್ಸಿದ್ರೆ ಎದ್ದು ಹೋಗಿಬಿಡ್ತಾರೆ. ಅವರ ಮುಖ ಬರೀಬೇಕು ಅಂತ ಎಷ್ಟು ಸಲ ಕೂತಿದ್ದೀನಿ ಗೊತ್ತಾ? ಆಗಲ್ಲ. ಅಪ್ಪನ ಕಣ್ಣಲ್ಲಿ ಏನಿದೆ ಅಂತಾನೇ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಬರೀಲಿ?"

ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅಮ್ಮನ ಮುಂದೆ ಕೂಡ ಹೀಗೆ ಅತ್ತವಳಲ್ಲ.

ಓಬಳೇಶ್ ಅವಳಿಗೆ ಸಮಾಧಾನ ಹೇಳಲಿಲ್ಲ. ತನ್ನ ಕಥೆ ಹೇಳಿದ.

"ನಮ್ಮಮ್ಮನ ತವರು ರಾಯಚರ್ಲು. ರಜಕ್ಕೆಲ್ಲ ಅಲ್ಲೇ. ಈಗ ಮಾವಂದಿರ ಹೊಲದ ತುಂಬ ಸೋಲಾರ್ ಪ್ಲೇಟು. ವರ್ಷ ವರ್ಷ ಬಾಡಿಗೆ ಬರುತ್ತೆ, ಚೆನ್ನಾಗೇ ಇದ್ದಾರೆ. ತಪ್ಪು ಅಂತ ಹೇಳಲ್ಲ ನಾನು. ಆದ್ರೆ ಹೋದ ಸಲ ಹೋದಾಗ ಹುಣಸೆ ಮರ ಹುಡುಕ್ತಾ ಹೋಗಿ, ಆ ಪ್ಲೇಟುಗಳ ಮಧ್ಯೆ ದಾರಿ ತಪ್ಪಿಬಿಟ್ಟೆ. ಆಡಿ ಬೆಳೆದ ಜಾಗದಲ್ಲಿ ದಾರಿ ತಪ್ಪೋದು ಅಂದ್ರೆ ಏನು ಅಂತ... ಅವತ್ತಿಂದ ಹಳೇ ಗೋಡೆ ಕಂಡ್ರೆ ಬಿಡೋಕಾಗಲ್ಲ ನಂಗೆ."

ಅವಳು ತಲೆಯೆತ್ತಿ ನೋಡಿದಳು. ಸುಣ್ಣದ ಪುಡಿಯ ಹಿಂದೆ ಎಂಥ ಕಣ್ಣುಗಳು!

ಅವತ್ತಿನಿಂದ ಅವರ ನಡುವೆ ಏನೋ ಬದಲಾಯಿತು. ಬಣ್ಣದ ಡಬ್ಬಿ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಮಾತು ಮರೆಯುತ್ತಿದ್ದರು. ಏಣಿಯ ಮೇಲೆ ಅವಳಿದ್ದರೆ ಕೆಳಗೆ ಅವನ ಕೈ ತಾನಾಗಿ ಏಣಿ ಹಿಡಿದಿರುತ್ತಿತ್ತು. ಭಾನುವಾರ ಶಿರಾದಿಂದ ಬರುವ ಮಹಜಬೀನ್ ಇದನ್ನೆಲ್ಲ ನೋಡಿ ದುಪಟ್ಟಾದಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

"ಮಂಗಳಾ, ಹೇಳಿಬಿಡೇ! ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಸುಮ್ನಿರೇ! ಪ್ರದರ್ಶನ ಮುಗೀಲಿ..."

ಆದರೆ ಒಂದು ವಿಷಯ ಅವಳನ್ನು ಕಾಡುತ್ತಿತ್ತು. ಓಬಳೇಶ್ ಒಂದು ದೊಡ್ಡ ಕ್ಯಾನ್ವಾಸನ್ನು ಹಿಂದಿನ ಕೋಣೆಯಲ್ಲಿಟ್ಟು ಬಟ್ಟೆ ಹೊದಿಸಿದ್ದ. ಅವಳು ಬರುವ ಹೊತ್ತಿಗೆ ಯಾವಾಗಲೂ ಅದು ಮುಚ್ಚಿಯೇ ಇರುತ್ತಿತ್ತು.

"ಅದೇನು?" ಎಂದರೆ, "ಪ್ರದರ್ಶನದ ದಿನ ನೋಡಿ," ಎನ್ನುತ್ತಿದ್ದ. ಕಣ್ಣು ತಪ್ಪಿಸುತ್ತಿದ್ದ.

'ನನ್ನ ಚಿತ್ರವೇ ಇರಬಹುದಾ?' ಹಾಗೆ ಅನ್ನಿಸಿದಾಗಲೆಲ್ಲ ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಪ್ರದರ್ಶನದ ಹಿಂದಿನ ದಿನ ಬಂದೇಬಿಟ್ಟಿತು.

ಮಿಲ್ ಗುಡಿಸಿ, ನೀರು ಚಿಮುಕಿಸಿ, ಚಿತ್ರಗಳನ್ನು ತೂಗು ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತು. ಓಬಳೇಶ್ ಮೊಳೆ ತರಲು ಪೇಟೆಗೆ ಹೋಗಿದ್ದ.

"ಬಟ್ಟೆ ಎತ್ತಿ ಒಂದು ಸಲ ನೋಡೇ," ಮಹಜಬೀನ್ ಕಣ್ಣು ಮಿಟುಕಿಸಿದಳು. "ಹೆಂಗಿದ್ರೂ ನಾಳೆ ಊರೇ ನೋಡುತ್ತೆ!"

ಸರ್ವಮಂಗಳಾ ನಗುತ್ತಲೇ ಬಟ್ಟೆ ಎತ್ತಿದಳು.

ನಗು ಅಲ್ಲೇ ನಿಂತಿತು.

ಕ್ಯಾನ್ವಾಸಿನ ತುಂಬ ಅವಳ ಅಪ್ಪ!

ಉಲ್ಟಾ ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತ ಪರ್ವತಯ್ಯ. ಮೊಣಕಾಲ ಮೇಲೆ ಬಿದ್ದಿದ್ದ ಎರಡು ಕೈಗಳು. ಮತ್ತು ಆ ಮುಖ... ಅಪ್ಪ ಅಳುತ್ತಿದ್ದರು. ಹುಟ್ಟಿದಾಗಿನಿಂದ ಒಂದು ಸಲವೂ ಅವಳು ನೋಡದಿದ್ದ ಅಪ್ಪನ ಕಣ್ಣೀರು, ಸುಣ್ಣ ಮತ್ತು ಮಸಿಯ ಬಣ್ಣದಲ್ಲಿ, ಮಾರುದ್ದದ ಚಿತ್ರವಾಗಿ ನಿಂತಿತ್ತು!

ಓಬಳೇಶ್ ಬಾಗಿಲಲ್ಲಿ ಬಂದು ನಿಂತಿದ್ದ. ಕೈಯಿಂದ ಮೊಳೆಯ ಪೊಟ್ಟಣ ಜಾರಿತು.

"ಮಂಗಳಾ ಅವ್ರೇ..."

"ನಾನು ನಿಮ್ಮ ಮುಂದೆ ಅತ್ತೆ," ಅವಳು ಬಟ್ಟೆಯನ್ನು ಕೆಳಗೆಸೆದಳು. "ಯಾರ ಹತ್ರಾನೂ ಹೇಳದೇ ಇದ್ದಿದ್ದನ್ನ ನಿಮ್ಮ ಹತ್ರ ಹೇಳ್ದೆ. ಅದನ್ನ ತಗೊಂಡು... ನೀವು ಚಿತ್ರ ಮಾಡ್ಕೊಂಡ್ರಾ?"

"ಇಲ್ಲ! ಹಾಗಲ್ಲ ಅದು..."

"ನಮ್ಮಪ್ಪನ್ನ ಎಲ್ಲಿ ನೋಡಿದ್ರಿ? ಅಂಗಡಿ ಹತ್ರ ಹೋಗಿ ಕದ್ದು ನೋಡಿದ್ರಾ? ಅಳೋ ಮುಖ ನೀವೇ ಕಟ್ಕೊಂಡ್ರಾ? ನಾಳೆ ಜನ ಬಂದು ಆಹಾ ಅಂತಾರೆ, ಅಲ್ವಾ?"

"ನಾನು ಕದ್ದಿಲ್ಲ."

"ಹಾಗಾದ್ರೆ ಇದು ಹೇಗೆ ಬಂತು? ಹೇಳಿ!"

ಅವನ ಕಣ್ಣಲ್ಲಿ ನೀರು ತುಂಬಿತು.

"ಇವತ್ತು ಹೇಳೋಕಾಗಲ್ಲ. ನಾಳೆ ಬೆಳಗ್ಗೆ ತನಕ ತಡೀರಿ. ಕೈ ಮುಗೀತೀನಿ."

"ಬೇಡ! ನೀವು ಇಲ್ಲಿದ್ರೆ ನಾನು ನಾಳೆ ಬರಲ್ಲ. ಒಬ್ರು ಇರ್ಬೇಕು ಅಷ್ಟೇ."

ಅವನು ಅವಳನ್ನೇ ನೋಡಿದ. ಆಮೇಲೆ ಮೆಲ್ಲನೆ ಒಳಗೆ ಬಂದು, ಆ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟ.

"ಜಾಗ ನಿಮ್ಮದು. ನೀವಿರಿ," ಎಂದ. "ಇದು ಮಾತ್ರ ಇಲ್ಲೇ ಇರ್ಲಿ. ದಯವಿಟ್ಟು ಹರೀಬೇಡಿ."

ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ. ಪಾವಗಡದ ಬಸ್ಸಿನ ಹಾರನ್ ಕೇಳಿಸಿದಾಗ ಸರ್ವಮಂಗಳಾ ನೆಲಕ್ಕೆ ಕುಸಿದು, ಮಹಜಬೀನ್‌ಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.

'ಇಷ್ಟು ಕೋಪ ಬಂದಿರೋವಾಗಲೂ ಯಾಕೆ ಅವನು ಹೋಗಬಾರದಿತ್ತು ಅನ್ನಿಸ್ತಿದೆ? ಯಾಕೆ?'

ಬೆಳಗಾಯಿತು. ಭಾನುವಾರ.

ಮಿಲ್ಲಿನ ಬಾಗಿಲು ತೆರೆಯುವ ಮೊದಲೇ ಜನ! ಹಿಂದೆ ಕಾಯಿ ಆರಿಸುತ್ತಿದ್ದ ಹೆಂಗಸರು, ಮೂಟೆ ಹೊರುತ್ತಿದ್ದವರು, ಅವರ ಮಕ್ಕಳು ಮೊಮ್ಮಕ್ಕಳು. ಒಳಗೆ ಬಂದವರು ಚಿತ್ರ ನೋಡುವುದಕ್ಕಿಂತ ಜಾಗ ಹುಡುಕುತ್ತಿದ್ದರು. "ಇಲ್ಲೇ ಕಣ್ಲಾ ನಾವು ಬುತ್ತಿ ಬಿಚ್ತಿದ್ದುದ್ದು!" "ನೋಡೇ, ಆ ಕಿಟ್ಕಿ ಬರೆದವ್ಳೆ ನೋಡು, ಅಂಗೇ ಐತೆ!" ಬಸವಲಿಂಗಯ್ಯ ಒಂದು ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಎಲ್ಲವೂ ಅವಳು ಕನಸು ಕಂಡ ಹಾಗೇ ಇತ್ತು. ಅವಳ ಎದೆ ಮಾತ್ರ ಖಾಲಿ.

ಆಗ ಬಾಗಿಲಲ್ಲಿ ಬಿಳಿ ಅಂಗಿ ಕಾಣಿಸಿತು.

ಅಪ್ಪ!

ಹಿಂದೆ ಅಮ್ಮ ಲಕ್ಷ್ಮೀದೇವಿ, ಹಬ್ಬದ ಸೀರೆಯಲ್ಲಿ. ಅಪ್ಪ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದರು. ಅವಳಿಗೆ ಕಣ್ಣನ್ನು ನಂಬಲಾಗಲಿಲ್ಲ. ಅಪ್ಪ ಗೋಡೆಯಿಂದ ಗೋಡೆಗೆ ನೋಡುತ್ತ, ಏನನ್ನೋ ಹುಡುಕುತ್ತ ಬಂದರು.

"ಮಂಗಳ... ನನ್ ಪಟ ಎಲ್ಲವ್ವಾ?"

"ಏನಂದೆ ಅಪ್ಪಾ?"

"ನನ್ ಪಟ. ಆ ನಿಡುಗಲ್ ಹುಡ್ಗ ಬರುದ್ನಲ್ಲ? ಇವತ್ತು ಎಲ್ರ ಮುಂದೆ ಹಾಕ್ತೀನಿ ಅಂದಿದ್ದ. ನಾನೇ ಕೈ ಹಿಡ್ಕಂಡು ನಿಂಗೆ ತೋರುಸ್ಬೇಕು ಅಂತ ಬಂದೆ."

ಅವಳು ಅಮ್ಮನ ಕಡೆ ತಿರುಗಿ, ಮತ್ತೆ ಅಪ್ಪನನ್ನು ನೋಡಿದಳು.

"ನಿಂಗೆ... ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಎದುರಾ ಎದುರು ಕುಂತ್ಕಂಡು ಬರ್ಸಿದೀನಿ!" ಪರ್ವತಯ್ಯ ಹಳೆಯ ಮಿಷಿನ್ ಇದ್ದ ಮೂಲೆಯ ಕಡೆ ನೋಡಿದರು. ಅಲ್ಲಿ ಈಗ ನೆಲದಲ್ಲಿ ತುಕ್ಕು ಹಿಡಿದ ಬೋಲ್ಟುಗಳಷ್ಟೇ ಉಳಿದಿದ್ದವು. "ನೀನು ದಿನಾ ಇದ್ರೊಳಿಕ್ಕೆ ಹೋಗಾದ್ನ ಟೀ ಅಂಗ್ಡಿ ತಾವಿಂದ ನೋಡ್ತಿದ್ದೆ ಕಣವ್ವ. ಮಗ್ಳು ಏನ್ ಮಾಡ್ತವ್ಳೆ ನೋಡಾಣ ಅಂತ ಆಸೆ. ನೀನಿದ್ದಾಗ ಬರಕ್ಕೆ ಧೈರ್ಯ ಇಲ್ಲ. ಒಂದಿನ ನೀನು ಸ್ಕೂಲಿಗೆ ಹೋಗಿದ್ದಾಗ ಬಂದೆ. ಈ ಮೂಲೆ ನೋಡ್ದೆ ನೋಡು... ಅಳು ಬಂದ್ಬುಡ್ತು. ತಡಿಯಕ್ಕೇ ಆಗ್ಲಿಲ್ಲ."

"ಅಪ್ಪಾ..."

"ಆ ಹುಡ್ಗ ಯಾರು ಏನು ಅಂತ ಕೇಳ್ಲಿಲ್ಲ. ನೀರ್ ಕೊಟ್ಟ. ಕೂರಕ್ಕೆ ಡಬ್ಬ ಹಾಕ್ದ. ನಂಗೂ ಹಗುರ ಆಯ್ತು. ಮಾರ್ನೆ ದಿನಾನೂ ಹೋದೆ. ನನ್ನ ಬರಿಯಪ್ಪ ಅಂತ ನಾನೇ ಕೇಳ್ದೆ. ಮಂಗಳನ್ ಅಪ್ಪ ನಾನು ಅಂದಾಗ ಗಾಬ್ರಿ ಆಗೋದ. ಅವ್ರಿಗೆ ಹೇಳ್ದೆ ಬರಿಯಲ್ಲ ಅಂತ ಕುಂತ್ಬುಟ್ಟ! ನಾನು ಆಣೆ ಹಾಕುಸ್ಕಂಡೆ. ನಾನೇ ಬಂದು ತೋರುಸ್ತೀನಿ, ಅಲ್ಲಿ ತಂಕ ಬಾಯಿ ಬುಡ್ಬ್ಯಾಡ ಅಂತ."

"ನನ್ ಹತ್ರ ಯಾಕಪ್ಪಾ ಅಳ್ಲಿಲ್ಲ ನೀನು? ಯಾಕೆ ಒಂದು ಮಾತೂ ಆಡ್ಲಿಲ್ಲ?" ಅವಳು ಮಗುವಿನಂತೆ ಕೇಳಿದಳು.

ಪರ್ವತಯ್ಯ ಮಗಳ ತಲೆಯ ಮೇಲೆ ಕೈಯಿಟ್ಟರು.

"ಮಿಲ್ ಮುಚ್ದಾಗ ನೀನು ಸಣ್ಣವ್ಳು. ನಾನು ಅತ್ರೆ ನೀನು ಹೆದ್ರುಕಂತೀಯ, ಓದು ಬುಡ್ತೀಯ ಅನ್ನುಸ್ತು. ಗಟ್ಟಿಯಾಗಿರಾಣ ಅಂತ ಬಾಯಿ ಮುಚ್ಕಂಡೆ. ಆಮ್ಯಾಕೆ... ಬಾಯಿ ತೆರಿಯಾದೆ ಹೆಂಗೆ ಅಂತ ಮರ್ತೋಯ್ತು ಕಣವ್ವ."

ಲಕ್ಷ್ಮೀದೇವಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಂಗೂ ನೆನ್ನೆ ರಾತ್ರೆನೇ ಹೇಳುದ್ದು ಈ ಮನ್ಷ."

ಸರ್ವಮಂಗಳಾ ಹಿಂದಿನ ಕೋಣೆಗೆ ಓಡಿದಳು. ಮಹಜಬೀನ್ ಜೊತೆಗೆ ಸೇರಿ ಆ ದೊಡ್ಡ ಕ್ಯಾನ್ವಾಸನ್ನು ಹೊತ್ತು ತಂದು, ಎಲ್ಲರಿಗೂ ಕಾಣುವಂತೆ ನಡುಗೋಡೆಗೆ ಹಾಕಿದಳು. ಗದ್ದಲ ಒಮ್ಮೆಲೇ ನಿಂತಿತು. ಮೂಟೆ ಹೊರುತ್ತಿದ್ದ ಮುದುಕರೊಬ್ಬರು ಮುಂದೆ ಬಂದು ಪರ್ವತಯ್ಯನ ಭುಜ ಹಿಡಿದುಕೊಂಡರು.

"ನಾವೂ ಇಂಗೇ ಅತ್ವಿ ಕಣೋ ಪರ್ವತ. ಮನೇಲಿ ಯಾರ್ಗೂ ತೋರುಸ್ಲಿಲ್ಲ ಅಷ್ಟೆ."

ಪರ್ವತಯ್ಯ ಆಮೇಲೆ ಮಗಳ ಚಿತ್ರಗಳ ಮುಂದೆ ನಿಂತರು. ಮಗಳ ಎದುರಿಗೆ, ಮೊದಲ ಸಲ! ಒಂದೊಂದನ್ನೂ ನಿಧಾನವಾಗಿ ನೋಡಿದರು. ಬಾಗಿಲಿನ ಚಿತ್ರದ ಮುಂದೆ ನಿಂತು, "ಇಲ್ಲಿ ನಾನು ನಿಂತ್ಕಂತಿದ್ದೆ," ಎಂದು ಬೆರಳಿಟ್ಟು ತೋರಿಸಿದರು. "ನೀನೂ ಒಂದ್ಸಲ ನನ್ನ ಬರಿಯವ್ವ. ಕುಂತ್ಕತೀನಿ."

ಅವಳು ಅಪ್ಪನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಈಗ ಆ ಮುಖವನ್ನು ನೋಡಲು ಅವಳಿಗೆ ಭಯವಿರಲಿಲ್ಲ.

"ಅದ್ಸರಿ, ಆ ಹುಡ್ಗ ಎಲ್ಲಿ?" ಪರ್ವತಯ್ಯ ಸುತ್ತ ನೋಡಿದರು.

ಅವಳು ತಲೆ ತಗ್ಗಿಸಿದಳು. "ಹೋದ್ರು. ನಾನೇ... ಕಳುಸ್ಬುಟ್ಟೆ."

"ಅವನೇನ್ ತಪ್ಪು ಮಾಡಿದ್ದ?"

"ಏನೂ ಮಾಡಿರ್ಲಿಲ್ಲ ಅಪ್ಪ! ನಿನ್ ಮಾತು ಉಳ್ಸೋಕೆ ನನ್ ಹತ್ರ ಬಯ್ಸ್ಕೊಂಡು ಹೋದ್ರು!"

ಮಗಳ ಮುಖ ನೋಡಿದ ಪರ್ವತಯ್ಯನಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

"ಹಂಗಾದ್ರೆ ಇಲ್ಲ್ಯಾಕ್ ನಿಂತಿದ್ದೀಯ? ಹೋಗು, ಕರ್ಕಂಡ್ ಬಾ. ಬಂದೋರ್ಗೆ ನಾನು ತೋರುಸ್ತೀನಿ ಪಟನೆಲ್ಲ."

ಫೋನು ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್!

ಹೊರಗೆ ಮಹಜಬೀನ್ ಆಗಲೇ ಸ್ಕೂಟರ್ ಚಾಲೂ ಮಾಡಿದ್ದಳು. "ಹತ್ತೇ! ಯಾ ಅಲ್ಲಾ, ಇನ್ನೂ ನೋಡ್ತಾ ನಿಂತಿದ್ದಾಳೆ, ಹತ್ತು!"

ಪಾವಗಡ ರಸ್ತೆಯಲ್ಲಿ ಸ್ಕೂಟರ್ ಹಾರಿತು. ಬಿಸಿಲು, ಧೂಳು, ಎರಡೂ ಕಡೆ ಬಂಡೆ ಗುಡ್ಡಗಳು. ಸರ್ವಮಂಗಳಾ ಗೆಳತಿಯ ಸೊಂಟ ಹಿಡಿದು ಕೂತಿದ್ದಳು.

'ಏನಂತ ಹೇಳಲಿ? ಕ್ಷಮಿಸಿ ಅಂದ್ರೆ ಸಾಕಾ? ಅವರು ಮುಖ ತಿರುಗಿಸಿಬಿಟ್ರೆ? ನಿಡುಗಲ್‌ನಲ್ಲಿ ಮನೆ ಎಲ್ಲಿ ಅಂತ ಕೂಡ ಗೊತ್ತಿಲ್ವಲ್ಲ ದೇವ್ರೇ...'

ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಮಹಜಬೀನ್ ಗಕ್ಕನೆ ಬ್ರೇಕ್ ಹಾಕಿದಳು.

ರಸ್ತೆ ತುಂಬ ಕುರಿ! ನೂರಾರು ಕುರಿಗಳ ಮಂದೆ ಅಡ್ಡ ದಾಟುತ್ತಿತ್ತು. ಕುರಿಗಾಹಿ ಹೋ ಹೋ ಎಂದು ಕೂಗುತ್ತಿದ್ದ, ಒಂದಕ್ಕೂ ಅವಸರವಿರಲಿಲ್ಲ.

"ಅಯ್ಯೋ, ಇವತ್ತೇ ಬರ್ಬೇಕಾ ಇವು!" ಸರ್ವಮಂಗಳಾಗೆ ಅಳು ಬರುವುದೊಂದು ಬಾಕಿ.

ಮಂದೆಯ ಆ ಕಡೆ ಮಧುಗಿರಿಯತ್ತ ಹೊರಟಿದ್ದ ಸರ್ಕಾರಿ ಬಸ್ಸೂ ನಿಂತಿತ್ತು. ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಯಾಕೆ ನಿಂತಿತೆಂದು ನೋಡಲು ಯಾರೋ ಫುಟ್‌ಬೋರ್ಡಿಗೆ ಬಂದು ಕತ್ತು ಉದ್ದ ಮಾಡಿದ. ಹೆಗಲಲ್ಲಿ ಚೀಲ...

"ಓಬಳೇಶ್!"

ಅವಳು ಕೂಗಿದ್ದು ಇಡೀ ಬಸ್ಸಿಗೆ ಕೇಳಿಸಿತು. ಅವನು ತಿರುಗಿದ. ಕಣ್ಣರಳಿತು.

ಅವಳು ಸ್ಕೂಟರಿನಿಂದ ಹಾರಿ ಮಂದೆಯೊಳಗೆ ನುಗ್ಗಿದಳು. ಆ ಕಡೆಯಿಂದ ಅವನೂ ಇಳಿದು ನುಗ್ಗಿದ. ಕುರಿಗಳು ಇಬ್ಬರನ್ನೂ ಅತ್ತಿತ್ತ ತಳ್ಳಿದವು. ರಸ್ತೆಯ ನಡುವೆ ಇಬ್ಬರೂ ಎದುರುಬದುರು ನಿಂತರು. ಏದುಸಿರು.

"ನೀವು... ಎಲ್ಲಿಗೆ?" ಅವನು ಕೇಳಿದ.

"ನಿಡುಗಲ್‌ಗೆ. ನೀವು?"

"ಮಧುಗಿರಿಗೆ. ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ, ಪಕ್ಕದಲ್ಲಿ ನಿಂತಿರ್ತೀನಿ ಅಂತ. ನೀವು ಬಯ್ದ್ರೂ ಪರವಾಗಿಲ್ಲ, ದೂರ ನಿಂತ್ಕೊಂಡ್ರಾಯ್ತು ಅಂತ ಬಂದೆ."

"ಅಪ್ಪ ಬಂದಿದ್ರು. ಎಲ್ಲಾ ಹೇಳಿದ್ರು." ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. "ನಾನು ಅಷ್ಟೆಲ್ಲ ಅಂದಾಗ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ! ಯಾಕೆ ಸುಮ್ನಿದ್ರಿ?"

"ಅವರು ಎಷ್ಟೋ ವರ್ಷ ಆದ್ಮೇಲೆ ಮಗಳ ಹತ್ರ ಮಾತಾಡೋಕೆ ಹೊರಟಿದ್ರು. ಆ ಮಾತು ಅವರ ಬಾಯಿಂದಾನೇ ಬರ್ಬೇಕಿತ್ತು. ನಾನು ಹೇಳಿಬಿಟ್ಟಿದ್ರೆ ನಿಮ್ಮ ಕೋಪ ಹೋಗ್ತಿತ್ತು, ಆದ್ರೆ ಅವರ ಮಾತು ಕಸಿದುಕೊಂಡ ಹಾಗಾಗ್ತಿತ್ತು."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡಳು.

"ಕ್ಷಮಿಸಿ. ನಿನ್ನೆ ನಿಮ್ಮನ್ನ ಹೋಗಿ ಅಂದೆ. ಬಸ್ ಹಾರನ್ ಕೇಳಿದಾಗ ನಂಗೆ ಉಸಿರೇ ನಿಂತ ಹಾಗಾಯ್ತು. ಚಿತ್ರ, ಪ್ರದರ್ಶನ ಯಾವುದೂ ಬೇಡ ಅನ್ನಿಸ್ತು. ನಂಗೆ ನೀವು ಬೇಕು. ಇಷ್ಟು ಜನ, ಇಷ್ಟು ಕುರಿ ಎಲ್ಲಾ ನೋಡ್ಲಿ, ಪರವಾಗಿಲ್ಲ! ನಂಗೆ ನೀವು ಬೇಕು."

ಓಬಳೇಶ್ ನಕ್ಕ. ನಗುತ್ತ ನಗುತ್ತಲೇ ಅವನ ಕಣ್ಣೂ ತುಂಬಿತು.

"ನಾನು ಹೇಳ್ಬೇಕು ಅಂತ ದಾರಿ ಉದ್ದಕ್ಕೂ ಕಲಿತುಕೊಂಡು ಬಂದಿದ್ನೆಲ್ಲ ನೀವೇ ಹೇಳಿಬಿಟ್ರಿ. ಈಗ ನಾನೇನು ಹೇಳ್ಲಿ?"

"ಹ್ಞೂ ಅನ್ನಿ ಸಾಕು."

"ಹ್ಞೂ."

ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಯಾರೋ ಅಜ್ಜಿ ಅವಳತ್ತ ಕೈ ತೋರಿಸಿ, "ಯಾರಮ್ಮಾ ಆ ಪಿಲ್ಲ? ಬಂಗಾರ್ದಂಗೈತೆ!" ಎಂದಿತು. ಮಂದೆ ದಾಟಿ ಮುಗಿದಿತ್ತು. ಕಂಡಕ್ಟರ್ ಸೀಟಿ ಊದಿದ. "ರೀ ಸ್ವಾಮಿ, ಹತ್ತೀರೋ, ಇಲ್ಲೇ ಸಂಸಾರ ಹೂಡ್ತೀರೋ?"

"ಹೋಗೇ, ನೀನೂ ಬಸ್ಸಲ್ಲೇ ಬಾ!" ಮಹಜಬೀನ್ ಆಗಲೇ ಸ್ಕೂಟರ್ ತಿರುಗಿಸಿದ್ದಳು. "ನಾನು ಮುಂದೆ ಹೋಗಿ ನಿಮ್ಮಪ್ಪನಿಗೆ ಖುಷ್‌ಖಬರಿ ಕೊಡ್ತೀನಿ!"

ಇಬ್ಬರೂ ಬಸ್ಸು ಹತ್ತಿದರು. ಕೊನೆಯ ಸೀಟು ಖಾಲಿಯಿತ್ತು. ಕಂಡಕ್ಟರ್ ನಗುತ್ತ ಬಂದು ಅವಳ ಆಧಾರ್ ಕಾರ್ಡ್ ನೋಡಿ ಉಚಿತ ಟಿಕೆಟ್ ಕೊಟ್ಟು ಹೋದ.

ಕಿಟಕಿಯ ಗಾಳಿಗೆ ಅವಳ ಕೂದಲು ಅವನ ಮುಖದ ಮೇಲೆ ಹಾರಿತು. ಅವನು ಸರಿಸಲಿಲ್ಲ.

"ಮುಂದಿನ ವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?" ಅವನು ಕೇಳಿದ.

"ಬನ್ನಿ. ಆದ್ರೆ ಒಂದು ಷರತ್ತು."

"ಏನು?"

"ಈ 'ನೀವು, ತಾವು' ಎಲ್ಲಾ ಇನ್ನು ಬೇಡ. ನಾನು ಬೇಕಾದ್ರೆ ಅಂತೀನಿ, ನೀವು ಅನ್ಬಾರ್ದು."

"ಒಬ್ರೇ ಬಿಡೋದು ನ್ಯಾಯ ಅಲ್ಲ. ಬಿಡೋದಾದ್ರೆ ಇಬ್ರೂ ಬಿಡ್ಬೇಕು."

ಅವಳು ಕೆಂಪಾಗಿ ಕಿಟಕಿಯ ಕಡೆ ತಿರುಗಿದಳು. ಎಷ್ಟೋ ಹೊತ್ತಿನ ಮೇಲೆ ತೀರಾ ಸಣ್ಣ ದನಿಯಲ್ಲಿ ಹೇಳಿದಳು.

"ಓಬಳೇಶ... ನಿಂಗೆ ಹಸಿವಾಗಿಲ್ವಾ? ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

"ಇಲ್ಲ," ಅವನು ಅವಳ ಬೆರಳುಗಳಲ್ಲಿ ತನ್ನ ಬೆರಳು ಹೆಣೆದ. "ನೀನು?"